ಹೊಳೆ ಆಚೆ ಮದ್ರಾಸು: ಗಡಿ ದಾಟಿದವರ ಕತೆಯಿಂದ ಇತಿಹಾಸ ಪಾಠ ಶುರು ಮಾಡಬಹುದಾ?

ಹೊಳೆದಂಡೆ ಮಾಸ್ತರ್

ಎಲ್ಲರಿಗೂ ನಮಸ್ಕಾರ. ಗಂಗಾವತಿ ಕಡೆ, ತುಂಗಭದ್ರೆಯ ದಂಡೆಯ ಒಂದು ಹಳ್ಳಿಯಲ್ಲಿ ಹೈಸ್ಕೂಲ್ ಮಾಸ್ತರ್ ನಾನು. ಸಮಾಜ ವಿಜ್ಞಾನ ಹೇಳಿಕೊಡುತ್ತೇನೆ.

ಹೋದ ವಾರ ಹತ್ತನೇ ಕ್ಲಾಸಿಗೆ ಸಂಸ್ಥಾನಗಳ ವಿಲೀನದ ಪಾಠ ಮಾಡುತ್ತಿದ್ದೆ. ಹಿಂದಿನ ಸಾಲಿನ ಒಬ್ಬ ಹುಡುಗಿ ಎದ್ದು ನಿಂತು, "ಸರ್, ನಮ್ಮ ಅಜ್ಜಿ ಹುಟ್ಟಿದ್ದು ಮದ್ರಾಸಿನಲ್ಲಂತೆ" ಅಂದಳು. ಕ್ಲಾಸೆಲ್ಲ ನಕ್ಕಿತು. ಯಾಕಂದ್ರೆ ಅವಳ ಅಜ್ಜಿ ಕಂಪ್ಲಿಯವರು ಅಂತ ಎಲ್ಲರಿಗೂ ಗೊತ್ತು. ಕಂಪ್ಲಿ ಅಂದ್ರೆ ಹೊಳೆ ಆಚೆಗೆ. ರಾತ್ರಿ ನಮ್ಮ ದಂಡೆಯಲ್ಲಿ ನಿಂತರೆ ಅಲ್ಲಿನ ದೀಪ ಕಾಣುತ್ತದೆ. ಹುಡುಗಿ ಮುಖ ಚಿಕ್ಕದು ಮಾಡಿಕೊಂಡು ಕೂತುಬಿಟ್ಟಳು.

ಅಜ್ಜಿ ಹೇಳಿದ್ದು ಸರಿಯೇ ಇತ್ತು. ಆಗ ಬಳ್ಳಾರಿ ಜಿಲ್ಲೆ ಮದ್ರಾಸ್ ಪ್ರಾಂತ್ಯದಲ್ಲಿತ್ತು. ಈಚೆ ದಂಡೆ ನಿಜಾಮನ ಹೈದರಾಬಾದ್ ಸಂಸ್ಥಾನ. ಆ ಅಜ್ಜಿ ಮದುವೆಯಾಗಿ ಹರಿಗೋಲಿನಲ್ಲಿ ಹೊಳೆ ದಾಟಿ ಬಂದದ್ದು ಒಂದು ಸರ್ಕಾರದಿಂದ ಇನ್ನೊಂದು ಸರ್ಕಾರಕ್ಕೆ! ಇದನ್ನು ಹೇಳಿದ ಮೇಲೆ ಕ್ಲಾಸು ಗಪ್ಪಾಯಿತು. ಆಮೇಲೆ ಪ್ರಶ್ನೆಗಳೋ ಪ್ರಶ್ನೆಗಳು. "ಪಾಸ್‌ಪೋರ್ಟ್ ಬೇಕಿತ್ತಾ ಸರ್? ಯಾವ ದುಡ್ಡು ನಡೀತಿತ್ತು? ಆಯೇರಿಗೆ ಬಂದವರನ್ನ ತಡೀತಿದ್ರಾ?" ಹದಿನಾಲ್ಕು ವರ್ಷ ಪಾಠ ಮಾಡಿದ್ದೇನೆ, ವಿಲೀನದ ಪಾಠಕ್ಕೆ ಇಷ್ಟು ಕೈ ಎದ್ದಿದ್ದು ಇದೇ ಮೊದಲು.

ಅದಕ್ಕೇ ಈ ಸಲ ಒಪ್ಪಂದ, ಇಸವಿ, ನಾಯಕರ ಹೆಸರು ಅಂತ ಶುರು ಮಾಡದೆ, ದಾಟಿದ ಜನರಿಂದಲೇ ಶುರು ಮಾಡೋಣ ಅಂದುಕೊಂಡಿದ್ದೇನೆ. ಎರಡು ಚಿಂತೆ ಇದೆ. ಪರೀಕ್ಷೆಗೆ ಇದು ಸಾಕಾಗುತ್ತಾ? ಇನ್ನೊಂದು ದೊಡ್ಡದು. 1948ರ ದಾಟುವಿಕೆ ಅಂದ ಕೂಡಲೇ ನಿಜಾಮನ ಪರ ನಿಂತ ಖಾಸಗಿ ಪಡೆಯಾದ ರಜಾಕಾರರ ಹಾವಳಿ ಬಂದೇ ಬರುತ್ತದೆ. ನನ್ನ ಕ್ಲಾಸಿನಲ್ಲಿ ಎಲ್ಲ ಮನೆಯ ಮಕ್ಕಳೂ ಇದ್ದಾರೆ. ಅನುಭವ ಇದ್ದವರು ಹೇಳಿ.

ಬಿಸಿಲನಾಡು

ಸರ್, ಓದಿ ಮೈ ಜುಮ್ಮಂದಿತು. ನಮ್ಮದು ಯಲಬುರ್ಗಾ ಕಡೆ. ನಮ್ಮ ಮುತ್ತಜ್ಜನ ಮನೆಯವರೆಲ್ಲ ಆ ವರ್ಷ ಹೊಳೆ ದಾಟಿ, ನಿಜಾಮನ ವಿರುದ್ಧ ಹೋರಾಡುವವರ ಮುಂಡರಗಿ ಶಿಬಿರಕ್ಕೆ ಹೋಗಿದ್ದರಂತೆ. ಈ ಪಾಠ ಖಂಡಿತ ಮಾಡಿ.

ಗದಗಿನ ಗೆಳೆಯ

ಬಿಸಿಲನಾಡು ಅವರೇ, ಒಂದು ಸಣ್ಣ ತಿದ್ದುಪಡಿ. ಯಲಬುರ್ಗಾ, ಕೊಪ್ಪಳದಿಂದ ಮುಂಡರಗಿಗೆ ಬರಲು ಹೊಳೆ ದಾಟಬೇಕಿಲ್ಲ. ಅಲ್ಲಿ ಗಡಿ ನೆಲದ ಮೇಲೆಯೇ ಇತ್ತು. ಹೊಲದ ಬದುವೇ ಗಡಿ ಅನ್ನಿ. ಮುಂಡರಗಿ, ಗಜೇಂದ್ರಗಡ ಎಲ್ಲ ಆಗಿನ ಮುಂಬೈ ಪ್ರಾಂತ್ಯದ ಧಾರವಾಡ ಜಿಲ್ಲೆ. ಹೊಳೆ ದಾಟಿದವರು ಮದ್ರಾಸ್ ಸೇರಿದರು, ಹೊಲ ದಾಟಿದವರು ಮುಂಬೈ ಸೇರಿದರು. ಮುಂಡರಗಿ ಶಿಬಿರ ನಡೆಸಿದ್ದು ಅಳವಂಡಿ ಶಿವಮೂರ್ತಿ ಸ್ವಾಮಿಗಳು.

ನಮ್ಮ ಕಡೆ ಹಿರಿಯರು ಈಗಲೂ ನಿಜಾಮ ಆಳುತ್ತಿದ್ದ ಭಾಗಕ್ಕೆ "ಮೊಗಲಾಯಿ" ಅಂತಾರೆ. "ಮಗಳನ್ನ ಮೊಗಲಾಯಿಗೆ ಕೊಟ್ಟೀವಿ" ಅನ್ನೋ ಮಾತು ನಾನೇ ಕೇಳಿದ್ದೇನೆ.

ಬಿಸಿಲನಾಡು

ಹೌದು ಸರ್, ನೀವು ಹೇಳಿದ್ದೇ ಸರಿ. ಮನೆಯಲ್ಲಿ ಕೇಳಿದೆ. ಹೊಳೆ ಅಲ್ಲ, ಹಳ್ಳ ಅಂತೆ. ನಾನು ಚಿಕ್ಕವನಿದ್ದಾಗ ಕೇಳಿದ್ದು, ಹೊಳೆ ಅಂತ ತಲೆಯಲ್ಲಿ ಕೂತಿತ್ತು.

ಮುತ್ತಜ್ಜಿ ಹೊರಡುವಾಗ ಬೆಳ್ಳಿ ಬಂಗಾರ ಎಲ್ಲ ಹಿತ್ತಲಲ್ಲಿ ಹೂತು, ರೊಟ್ಟಿ ಹಂಚು ಮಾತ್ರ ಸೀರೆಯಲ್ಲಿ ಕಟ್ಟಿ ಬೆನ್ನಿಗೆ ಹಾಕಿಕೊಂಡಿದ್ದರಂತೆ. ರಾತ್ರಿ ನಡೆದ ದಾರಿ. ಹಂಚು ಬೆನ್ನಿಗೆ ಬಡಿದು ಬಡಿದು ಬಾವು ಬಂದಿತ್ತಂತೆ. ಯಾಕೆ ಅದನ್ನೇ ತಂದೆ ಅಂತ ಕೇಳಿದರೆ, "ಹಂಚು ಇದ್ರ ಎಲ್ಲಿದ್ರೂ ರೊಟ್ಟಿ ಆಗ್ತದ" ಅನ್ನುತ್ತಿದ್ದರಂತೆ. ಆ ಹಂಚು ಈಗಲೂ ನಮ್ಮ ಅಡುಗೆಮನೆಯಲ್ಲಿದೆ. ಅಂಚು ಒಂದು ಕಡೆ ಸೀಳಿದೆ. ಅಮ್ಮ ಅದನ್ನು ಬಿಸಾಡಲು ಬಿಟ್ಟಿಲ್ಲ.

ಸಾಗರದ ಟೀಚರ್

ಆ ಹಂಚನ್ನು ಮಾಸ್ತರ್ ಶಾಲೆಗೆ ಒಯ್ಯಿರಿ ಪ್ಲೀಸ್! ನಾನು ಇಪ್ಪತ್ತೆರಡು ವರ್ಷ ಮಕ್ಕಳಿಗೆ ಇತಿಹಾಸ ಹೇಳಿದ್ದೇನೆ. ಒಂದು ವಸ್ತು ಕೈಗೆ ಸಿಕ್ಕರೆ ಅರ್ಧ ಪಾಠ ಅದೇ ಮಾಡುತ್ತದೆ.

ಪರೀಕ್ಷೆ ಮುಖ್ಯ

ಎಲ್ಲರೂ ಭಾವುಕರಾಗಿದ್ದೀರಿ. ನಾನು ಬೇರೆ ಮಾತು ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ನನ್ನ ಮಗಳು ಈ ವರ್ಷ ಎಸ್ಸೆಸ್ಸೆಲ್ಸಿ. ಬೋರ್ಡ್ ಪರೀಕ್ಷೆಯಲ್ಲಿ "ನಿಮ್ಮ ಅಜ್ಜಿ ಹೇಗೆ ಹೊಳೆ ದಾಟಿದರು" ಅಂತ ಕೇಳುವುದಿಲ್ಲ. ಹೈದರಾಬಾದ್ ಯಾವಾಗ ವಿಲೀನವಾಯಿತು, ರಾಜ್ಯ ಪುನರ್ವಿಂಗಡಣಾ ಆಯೋಗದ ಸದಸ್ಯರು ಯಾರು ಅಂತ ಕೇಳುತ್ತಾರೆ. ಹಳ್ಳಿ ಮಕ್ಕಳಿಗೆ ಒಂದೊಂದು ಅಂಕವೂ ಮುಖ್ಯ. ಕತೆಯಲ್ಲಿ ಪೀರಿಯಡ್ ಕಳೆದರೆ ನಷ್ಟ ಯಾರಿಗೆ?

ಸಾಗರದ ಟೀಚರ್

ನಷ್ಟ ಇಲ್ಲ ಸರ್. ಕತೆಗೆ ಇಸವಿ ಕಟ್ಟಿಹಾಕಬೇಕು ಅಷ್ಟೇ. ಈ ಕಂಪ್ಲಿ ಅಜ್ಜಿಯನ್ನೇ ತಗೊಳ್ಳಿ. ಹುಟ್ಟಿದಾಗ ಮದ್ರಾಸ್ ಪ್ರಾಂತ್ಯ. ಸೊಸೆಯಾಗಿ ಬಂದ ಊರು ಹೈದರಾಬಾದ್ ಸಂಸ್ಥಾನಕ್ಕೆ ಸೇರಿದ್ದು. ಆ ಸಂಸ್ಥಾನ 1948ರ ಸೆಪ್ಟೆಂಬರ್ 17ಕ್ಕೆ ಭಾರತದ ಕೈಗೆ ಬಂತು. 1953ರ ಅಕ್ಟೋಬರ್ 1ಕ್ಕೆ ಆಂಧ್ರ ರಾಜ್ಯ ಆಯಿತು, ಅದೇ ದಿನ ಅಜ್ಜಿಯ ತವರು ಬಳ್ಳಾರಿ ಮೈಸೂರಿಗೆ ಸೇರಿತು. ಗಂಡನ ಊರು ಮಾತ್ರ ಇನ್ನೂ ಹೈದರಾಬಾದಿನಲ್ಲೇ. ನೀವು ಹೇಳಿದ ಆಯೋಗ, ಅಂದ್ರೆ ಫಜಲ್ ಅಲಿ ಆಯೋಗದ ವರದಿ 1955. 1956ರ ನವೆಂಬರ್ 1ಕ್ಕೆ ತವರು, ಗಂಡನ ಮನೆ ಎರಡೂ ಒಂದೇ ರಾಜ್ಯ. 1973ಕ್ಕೆ ಹೆಸರು ಕರ್ನಾಟಕ. ಒಬ್ಬ ಅಜ್ಜಿಯ ಜೀವನದಲ್ಲಿ ನಿಮ್ಮ ಮಗಳ ಪಾಠದ ಅರ್ಧ ಇಸವಿ ಬಂದುಹೋಯಿತು ನೋಡಿ. ಮಕ್ಕಳು ಇದನ್ನು ಬಾಯಿಪಾಠ ಮಾಡಬೇಕಾಗಿಲ್ಲ. ಅಜ್ಜಿ ತವರಿಗೆ ಹೋಗುವುದು ಯಾವ ವರ್ಷದಿಂದ ಸುಲಭವಾಯಿತು ಅಂತ ಕೇಳಿ, ಥಟ್ಟಂತ 1956 ಅಂತಾರೆ.

ಪರೀಕ್ಷೆ ಮುಖ್ಯ

ಇದು ಒಪ್ಪುವ ಮಾತು ಮೇಡಂ. ಹೀಗೆ ಮಾಡುವುದಾದರೆ ನನ್ನ ತಕರಾರಿಲ್ಲ.

ಆದೋನಿ ಅಳಿಯ

1953 ಅಂದ್ರಲ್ಲ, ಅದರಲ್ಲೇ ಇನ್ನೊಂದು ಕತೆ ಇದೆ. ಬಳ್ಳಾರಿ ಜಿಲ್ಲೆ ಇಡಿಯಾಗಿ ಬರಲಿಲ್ಲ. ಆದೋನಿ, ಆಲೂರು, ರಾಯದುರ್ಗ ಮೂರೂ ತಾಲೂಕು ಆಂಧ್ರಕ್ಕೆ ಹೋದವು. ನಮ್ಮ ಮಾವನ ಮನೆಯಲ್ಲಿ ಈಗಲೂ ಕನ್ನಡವೇ. ಮಕ್ಕಳು ಓದುವುದು ತೆಲುಗು. ಅವರು ಎಲ್ಲೂ ದಾಟಲಿಲ್ಲ. ಮನೆ ಅಲ್ಲೇ, ಬಾವಿ ಅಲ್ಲೇ. ಕೂತಲ್ಲೇ ಬೇರೆ ರಾಜ್ಯದವರಾದರು. ಇಂಥವರನ್ನೂ ಪಾಠದಲ್ಲಿ ಸೇರಿಸಿ ಮಾಸ್ತರೇ.

ನಾಣ್ಯಪ್ರೇಮಿ

ದುಡ್ಡಿನ ಪ್ರಶ್ನೆಗೆ ನಾನು ಉತ್ತರ ಕೊಡುತ್ತೇನೆ. ನಿಜಾಮನದು ಬೇರೆಯೇ ರೂಪಾಯಿ, ಹಾಲಿ ಸಿಕ್ಕಾ ಅಂತ. ಬ್ರಿಟಿಷ್ ರೂಪಾಯಿಗೆ ಅಲ್ಲಿನ ಜನ ಕಲ್ದಾರ್ ಅನ್ನುತ್ತಿದ್ದರು. 7 ಹಾಲಿ ಕೊಟ್ಟರೆ 6 ಕಲ್ದಾರ್. ಅಂಚೆ ಚೀಟಿಯೂ ಬೇರೆ. ಮಾಲಿಗೆ ಸುಂಕ ಬೇರೆ. ಸುಂಕದ ಇಲಾಖೆಗೆ ಕರೋಡಗಿರಿ ಅಂತ ಹೆಸರು. ಮೊದಲೆಲ್ಲ ಪಾಸ್‌ಪೋರ್ಟ್ ಅಂತ ಏನೂ ಬೇಕಿರಲಿಲ್ಲ. ಜನ ಸುಮ್ನೆ ದಾಟುತ್ತಿದ್ದರು, ತಡೆಯುತ್ತಿದ್ದದ್ದು ಗಂಟುಮೂಟೆಯನ್ನು.

ನನ್ನ ಹತ್ತಿರ ಬೆಳ್ಳಿಯ ಹಾಲಿ ರೂಪಾಯಿ ಒಂದಿದೆ. ನಡುವೆ ಚಾರ್‌ಮಿನಾರ್, ಸುತ್ತ ಉರ್ದು ಅಕ್ಷರ. ಕಮಾನಿನ ಬಾಗಿಲೊಳಗೆ ಒಂದು ಸಣ್ಣ ಅಕ್ಷರ ಇರುತ್ತದೆ, ಭೂತಗನ್ನಡಿ ಇಟ್ಟು ನೋಡಬೇಕು. ಮಾಸ್ತರ್ ಒಪ್ಪಿದರೆ ಒಂದು ತಿಂಗಳ ಮಟ್ಟಿಗೆ ಶಾಲೆಗೆ ಕೊಡುತ್ತೇನೆ. ಮಕ್ಕಳು ಅದರ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಲಿ. ಚಾರ್‌ಮಿನಾರ್ ಕಾಗದದ ಮೇಲೆ ಎದ್ದು ಬರುತ್ತದೆ.

ಲೆಕ್ಕದ ಲಕ್ಷ್ಮೀ

ನಾನು ಗಣಿತದ ಟೀಚರ್. 7ಕ್ಕೆ 6 ಅಂದ್ರೆ ಅನುಪಾತದ ಒಳ್ಳೇ ಲೆಕ್ಕ ಅಲ್ವಾ? ನೂರು ಕಲ್ದಾರ್‌ಗೆ ಎಷ್ಟು ಹಾಲಿ? 116 ರೂಪಾಯಿ 10 ಆಣೆ 8 ಪೈ. ರೂಪಾಯಿಗೆ 16 ಆಣೆ, ಆಣೆಗೆ 12 ಪೈ ಅಂತ ಹೇಳಿಕೊಟ್ಟು ಮಾಡಿಸಿ. ನನ್ನ ಎಂಟನೇ ಕ್ಲಾಸಿಗೆ ನಾಳೆಯೇ ಕೊಡುತ್ತೇನೆ.

ಊರುಕೇರಿ

ಎಲ್ಲ ಸರಿ. ಆದರೆ ಮಾಸ್ತರ್ ಕೇಳಿದ ಎರಡನೇ ಪ್ರಶ್ನೆಯನ್ನು ಎಲ್ಲರೂ ಬಿಟ್ಟಿದ್ದೀರಿ. ನನ್ನ ಸಲಹೆ ಕೇಳಿದರೆ ರಜಾಕಾರರ ವಿಷಯಕ್ಕೆ ಹೋಗಲೇಬೇಡಿ. ಹಂಚು, ನಾಣ್ಯ, ಹರಿಗೋಲು ಸಾಕು. ಹತ್ತನೇ ಕ್ಲಾಸಿನ ಮಕ್ಕಳು ಮನೆಗೆ ಹೋಗಿ ಏನಾದರೂ ತಿರುಚಿ ಹೇಳಿದರೆ ಮಾಸ್ತರಿಗೇ ತೊಂದರೆ. ಇದು ಹೆದರಿಕೆಯಿಂದ ಹೇಳುತ್ತಿಲ್ಲ, ಕಾಳಜಿಯಿಂದ ಹೇಳುತ್ತಿದ್ದೇನೆ.

ಬಿಸಿಲನಾಡು

ಹೋಗಲೇಬೇಡಿ ಅಂದ್ರೆ ಹೇಗೆ? ನಮ್ಮ ಮುತ್ತಜ್ಜಿ ಹಂಚು ಬೆನ್ನಿಗೆ ಕಟ್ಟಿಕೊಂಡು ಸುಮ್ನೆ ಹೋಗಲಿಲ್ಲ. ಜೀವಭಯಕ್ಕೆ ಹೋದರು. ಬೀದರ್ ಜಿಲ್ಲೆಯ ಗೋರ್ಟಾದಲ್ಲಿ 1948ರ ಮೇ ತಿಂಗಳಲ್ಲಿ ರಜಾಕಾರರ ದಾಳಿಗೆ ಎಷ್ಟು ಜನ ಸತ್ತರು? ಅದನ್ನು ಮುಚ್ಚಿಟ್ಟು ಹಂಚು ಮಾತ್ರ ತೋರಿಸಿದರೆ ಅದು ಇತಿಹಾಸ ಅಲ್ಲ.

ಬೀದರಿನ ಮೊಮ್ಮಗ

ನಾನು ಬರೆಯಲೋ ಬೇಡವೋ ಅಂತ ಮೂರು ದಿನ ಯೋಚಿಸಿದೆ.

ನಮ್ಮದು ಬೀದರ್ ಜಿಲ್ಲೆಯ ಹಳ್ಳಿ. ಮುಸ್ಲಿಂ ಕುಟುಂಬ. ನಮ್ಮ ದಾದಾ ದರ್ಜಿ ಕೆಲಸ ಮಾಡುತ್ತಿದ್ದರು. ರಜಾಕಾರರ ಜೊತೆ ಅವರಿಗೆ ಯಾವ ಸಂಬಂಧವೂ ಇರಲಿಲ್ಲ. ಪೊಲೀಸ್ ಆ್ಯಕ್ಷನ್, ಅಂದ್ರೆ ಭಾರತದ ಸೇನೆ ಹೈದರಾಬಾದನ್ನು ವಶಕ್ಕೆ ತೆಗೆದುಕೊಂಡ ಕಾರ್ಯಾಚರಣೆ ಮುಗಿದ ಮೇಲೆ, ಸೆಪ್ಟೆಂಬರ್ ಕೊನೆಗೆ, ನಮ್ಮವರಿಗೂ ಊರು ಬಿಡುವ ಹೊತ್ತು ಬಂತು. ಪಕ್ಕದ ಮನೆಯ ಲಿಂಗಾಯತ ಗೌಡರು ನಮ್ಮ ದಾದಿಯನ್ನೂ ಎರಡು ಮಕ್ಕಳನ್ನೂ ಮೇವಿನ ಕೋಣೆಯಲ್ಲಿ ಒಂಬತ್ತು ದಿನ ಇಟ್ಟುಕೊಂಡಿದ್ದರು. ಗೌಡರ ಹೆಂಡತಿ ದಿನಾ ಹೊತ್ತಿಳಿದ ಮೇಲೆ ದನಕ್ಕೆ ಹಾಕುವ ಬುಟ್ಟಿಯಲ್ಲಿ, ಹೊಟ್ಟಿನ ಕೆಳಗೆ, ರೊಟ್ಟಿ ಇಟ್ಟು ತರುತ್ತಿದ್ದರಂತೆ. ದಾದಾ ರಾತ್ರೋರಾತ್ರಿ ಹೈದರಾಬಾದ್ ಪಟ್ಟಣದ ಕಡೆ ನಡೆದರು. ಎರಡು ವರ್ಷ ಆದ ಮೇಲೆ ವಾಪಸ್ ಬಂದರು. ಅವರ ತಮ್ಮ ಬರಲಿಲ್ಲ.

ಇದು ನಮ್ಮ ಮನೆಯೊಂದರ ಮಾತಲ್ಲ. ನೆಹರೂ ಸರ್ಕಾರ ಕಳಿಸಿದ ಪಂಡಿತ್ ಸುಂದರ್‌ಲಾಲ್ ಸಮಿತಿ ಅದೇ ವರ್ಷದ ಕೊನೆಗೆ ಊರೂರು ತಿರುಗಿತು. ಪೊಲೀಸ್ ಆ್ಯಕ್ಷನ್ ಹೊತ್ತಿನ, ಆಮೇಲಿನ ಹಿಂಸೆಯಲ್ಲಿ ಸತ್ತವರು 27,000ದಿಂದ 40,000 ಅಂತ ಅಂದಾಜು ಹೇಳಿತು. ಜಾಸ್ತಿ ಹಾನಿಯಾದ ಜಿಲ್ಲೆಗಳಲ್ಲಿ ಬೀದರ್, ಗುಲ್ಬರ್ಗಾ ಎರಡೂ ಇವೆ. ಆ ವರದಿ ಎಷ್ಟೋ ದಶಕ ಜನರ ಕೈಗೆ ಸಿಗಲಿಲ್ಲ.

ಗೋರ್ಟಾ ನಿಜ. ಬಿಸಿಲನಾಡು ಅವರ ಮುತ್ತಜ್ಜಿಯ ಭಯವೂ ನಿಜ. ನನಗೆ ಅದರಲ್ಲಿ ಎಳ್ಳಷ್ಟೂ ಅನುಮಾನ ಇಲ್ಲ. ಆದರೆ ನಾನು ಹೈಸ್ಕೂಲಿನಲ್ಲಿದ್ದಾಗ ಈ ಪಾಠ ಬಂದ ದಿನ ಇಡೀ ಕ್ಲಾಸು ತಿರುಗಿ ನನ್ನ ಮುಖ ನೋಡಿತು. ಮೇಷ್ಟ್ರು ಏನೂ ಕೆಟ್ಟದು ಹೇಳಿರಲಿಲ್ಲ. ಅರ್ಧ ಹೇಳಿ ನಿಲ್ಲಿಸಿದ್ದರು. ನಾನು ಪುಸ್ತಕದಿಂದ ತಲೆ ಎತ್ತಲಿಲ್ಲ. ಮಾಸ್ತರೇ, ನಿಮ್ಮ ಕ್ಲಾಸಿನಲ್ಲಿ ಅಂಥ ಒಬ್ಬ ಹುಡುಗ ಇದ್ದರೆ ಅವನು ತಲೆ ಎತ್ತಿ ಕೂರುವ ಹಾಗೆ ಪಾಠ ಮಾಡಿ. ಮೇ ತಿಂಗಳು ದಾಟಿದವರನ್ನೂ ಹೇಳಿ, ಸೆಪ್ಟೆಂಬರ್ ಆದ ಮೇಲೆ ದಾಟಿದವರನ್ನೂ ಹೇಳಿ.

ಬಿಸಿಲನಾಡು

ಅಣ್ಣ, ಇದನ್ನು ನನಗೆ ಯಾರೂ ಹೇಳಿರಲಿಲ್ಲ. ನಮ್ಮ ಮನೆಯಲ್ಲಿ ಕತೆ ಯಾವಾಗಲೂ ಸೆಪ್ಟೆಂಬರ್ 17ಕ್ಕೆ ಮುಗಿಯುತ್ತಿತ್ತು. "ಪೊಲೀಸ್ ಆ್ಯಕ್ಷನ್ ಆತು, ನಾವು ಊರಿಗೆ ಬಂದ್ವಿ" ಅಂತ. ಬರೆದದ್ದಕ್ಕೆ ತುಂಬಾ ಥ್ಯಾಂಕ್ಸ್.

ಊರುಕೇರಿ

ನನ್ನ ಮಾತು ವಾಪಸ್ ತಗೊಳ್ಳುತ್ತೇನೆ. ಒಂದೇ ಒಂದು ಸೇರಿಸುತ್ತೇನೆ. ಮಾಸ್ತರ್ ಮೊದಲು ಹೆಡ್‌ಮಾಸ್ತರಿಗೂ, ಶಾಲಾಭಿವೃದ್ಧಿ ಸಮಿತಿ (ಎಸ್‌ಡಿಎಂಸಿ)ಯವರಿಗೂ ಹೇಳಿ ಮಾಡಲಿ. ಊರಿನ ಎರಡೂ ಕಡೆಯ ಹಿರಿಯರು ಕೂತಿದ್ದರೆ ತಿರುಚುವವರಿಗೆ ಜಾಗ ಇರುವುದಿಲ್ಲ.

ಕಾಫಿಸೀಮೆ

ಇಷ್ಟು ಗಂಭೀರ ಯಾಕೆ? ಗಡಿ ದಾಟುವುದು ಅಂದ್ರೆ ಕಷ್ಟ ಮಾತ್ರವಾ? ನಮ್ಮ ಚಿಕ್ಕಮಗಳೂರಿನ ಕಾಫಿ ಯೆಮೆನ್‌ನಿಂದ ಬಾಬಾ ಬುಡನ್ ಅವರ ಜೊತೆ ಏಳು ಬೀಜವಾಗಿ ಬಂತು ಅನ್ನೋ ಕತೆ ಇದೆ. ಮೆಣಸಿನಕಾಯಿ ಅಮೆರಿಕ ಖಂಡದಿಂದ ಪೋರ್ಚುಗೀಸರ ಹಡಗಿನಲ್ಲಿ ಬಂತು. ಬ್ಯಾಡಗಿ ಮೆಣಸಿನಕಾಯಿ ಇಲ್ಲದ ಸಾರು ಯೋಚನೆ ಮಾಡಿ! ಇರಾನಿನ ಗಿಲಾನ್‌ನಿಂದ ಬಂದು ಬಹಮನಿ ಮಂತ್ರಿಯಾದ ಮಹಮೂದ್ ಗವಾನ್ ಬೀದರಿನಲ್ಲಿ ಮದರಸಾ ಕಟ್ಟಿಸಿದ. ರಷ್ಯಾದ ವ್ಯಾಪಾರಿ ನಿಕಿತಿನ್ ಅದೇ ಕಾಲದಲ್ಲಿ ಬೀದರಿಗೆ ಬಂದಿದ್ದ. ಇದರಿಂದ ಶುರು ಮಾಡಿದರೆ ಮಕ್ಕಳಿಗೆ ಖುಷಿ.

ಸಾಗರದ ಟೀಚರ್

ಖುಷಿ ಹೌದು, ನಾನೂ ಏಳನೇ ಕ್ಲಾಸಿಗೆ ಮೆಣಸಿನಕಾಯಿಯಿಂದಲೇ ಶುರು ಮಾಡುತ್ತಿದ್ದೆ. ಆದರೆ ವ್ಯಾಪಾರಕ್ಕೆ ದಾಟುವುದು ಬೇರೆ, ಓಡಿ ದಾಟುವುದು ಬೇರೆ. ಎರಡನ್ನೂ ಒಂದೇ ಪೀರಿಯಡ್ಡಿನಲ್ಲಿ ಬೆರೆಸಿದರೆ ಮಕ್ಕಳಿಗೆ ಎಲ್ಲವೂ ಪ್ರವಾಸ ಅನ್ನಿಸಿಬಿಡುತ್ತದೆ. ಗವಾನ್ ಬಗ್ಗೆ ಹೇಳಿದರೆ 1481ರಲ್ಲಿ ಸುಳ್ಳು ಪತ್ರ ಸೃಷ್ಟಿಸಿ ಅವನನ್ನು ಕೊಲ್ಲಿಸಿದ್ದನ್ನೂ ಹೇಳಬೇಕು. ಹೊರಗಿನಿಂದ ಬಂದವನು ಅನ್ನುವ ಹೊಟ್ಟೆಯುರಿ ಅದರ ಹಿಂದೆ ಇತ್ತು.

ಕಾಸರಗೋಡು ಕನ್ನಡತಿ

ನೀವೆಲ್ಲ ಮುಗಿದುಹೋದ ಗಡಿಯ ಮಾತಾಡುತ್ತಿದ್ದೀರಿ. ನಮಗೆ ಗಡಿ ದಿನಾ ಬೆಳಗ್ಗೆ ಎದುರಾಗುತ್ತದೆ. 1956ರವರೆಗೆ ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಯ ತಾಲೂಕು. ಮಂಗಳೂರೇ ನಮಗೆ ಪೇಟೆ, ಆಸ್ಪತ್ರೆ, ಕಾಲೇಜು, ಸಂಬಂಧಿಕರ ಮನೆ. 2020ರ ಮಾರ್ಚ್‌ನಲ್ಲಿ ಕೊರೊನಾ ಅಂತ ಗಡಿಯ ರಸ್ತೆಗಳಿಗೆ ಮಣ್ಣು ಸುರಿದರಲ್ಲ, ಆಗ ನಮ್ಮ ಅಪ್ಪನಿಗೆ ವಾರಕ್ಕೆ ಎರಡು ಸಲ ಮಂಗಳೂರಿನಲ್ಲಿ ಡಯಾಲಿಸಿಸ್ ಆಗಬೇಕಿತ್ತು. ಮಣ್ಣಿನ ರಾಶಿಯ ಈಚೆ ಕಾರಿನಲ್ಲಿ ಕೂತು ಅಪ್ಪ ಹೇಳಿದ್ದು ಇಷ್ಟೇ: "ಆಸ್ಪತ್ರೆಯ ದಾರಿ ನನಗೆ ಕಣ್ಣು ಮುಚ್ಚಿದರೂ ಗೊತ್ತುಂಟು." ಆಮೇಲೆ ಬೇರೆ ಕಡೆ ವ್ಯವಸ್ಥೆ ಆಯಿತು, ಅಪ್ಪ ಉಳಿದರು.

ನಾನು ಕನ್ನಡ ಮಾಧ್ಯಮದ ಶಾಲೆಯಲ್ಲಿ ಪಾಠ ಮಾಡುತ್ತೇನೆ. ಮಕ್ಕಳಿಗೆ ನಕಾಶೆಯ ಗೆರೆ ತೋರಿಸುವ ಮೊದಲು ಆ ಗೆರೆ ದಾಟಿದ್ದು ಯಾವಾಗ, ಯಾಕೆ ಅಂತ ಬರೆಸುತ್ತೇನೆ. ಬಟ್ಟೆಗೆ, ಮೀನಿಗೆ, ಅಕ್ಕನ ಹೆರಿಗೆಗೆ, ಯಕ್ಷಗಾನಕ್ಕೆ. ಅದಾದ ಮೇಲೆ 1956 ಅಂತ ಬೋರ್ಡಿನ ಮೇಲೆ ಬರೆಯುತ್ತೇನೆ.

ಗಡಿನಾಡ ಹುಲಿ

ಹಾಗಾದ್ರೆ ಬೆಳಗಾವಿ ಬಗ್ಗೆ ಯಾಕೆ ಯಾರೂ ಮಾತಾಡ್ತಿಲ್ಲ? ರಾಜ್ಯಗಳ ಗಡಿ ತಕರಾರಿಗೆ ನೇಮಿಸಿದ ಮಹಾಜನ್ ಆಯೋಗದ ವರದಿ ಬಂದು ಎಷ್ಟು ವರ್ಷ ಆಯಿತು? ಕಾಸರಗೋಡು ಕೊಡಿ ಅಂತ ಅದರಲ್ಲೇ ಇದೆಯಲ್ಲ!

ಅಕ್ಕಲಕೋಟೆ ಕನ್ನಡಿಗ

ವರದಿ 1967ರದ್ದು. ಕಾಸರಗೋಡಿನ ಬಗ್ಗೆ ಅದು ಹೇಳಿದ್ದು ಚಂದ್ರಗಿರಿ ಹೊಳೆಯ ಉತ್ತರದ ಭಾಗ. ಅಕ್ಕಲಕೋಟೆಯೂ ಕರ್ನಾಟಕಕ್ಕೆ ಅಂತ ಅದರಲ್ಲಿತ್ತು, ಆದರೂ ನಾವು ಮಹಾರಾಷ್ಟ್ರದಲ್ಲೇ ಉಳಿದೆವು. ಆ ಜಗಳ ಇಲ್ಲಿ ಬೇಡ ಅಣ್ಣ. ಮಾಸ್ತರ್ ಕೇಳಿದ್ದು ಪಾಠದ ಬಗ್ಗೆ.

ನಿರ್ವಾಹಕರು

ಗಡಿ ವಿವಾದಕ್ಕೆ ಬೇರೆ ಚರ್ಚೆ ಶುರು ಮಾಡಿಕೊಳ್ಳಿ. ಇಲ್ಲಿ ವಿಷಯಕ್ಕೆ ಬನ್ನಿ.

ಹಂಪಿ ದಾರಿ

ಮಾಸ್ತರೇ, ನೀವಿರುವುದು ಗಂಗಾವತಿ ಕಡೆ. ಆನೆಗೊಂದಿ ಹತ್ತಿರದಲ್ಲೇ ಇದೆ. ಮಕ್ಕಳನ್ನು ಕರೆದುಕೊಂಡು ಹೋಗಿ. ವಿಜಯನಗರದವರಿಗೆ ಹೊಳೆ ನಡುವೆ ಹರಿಯುತ್ತಿತ್ತು ಅಷ್ಟೇ, ಎರಡೂ ದಂಡೆ ಅವರದೇ. ಬ್ರಿಟಿಷರ ಕಾಲಕ್ಕೆ ಹಂಪಿ ಮದ್ರಾಸಿಗೆ, ಆನೆಗೊಂದಿ ನಿಜಾಮನಿಗೆ. ಈಗಲೂ ಒಂದು ವಿಜಯನಗರ ಜಿಲ್ಲೆ, ಇನ್ನೊಂದು ಕೊಪ್ಪಳ ಜಿಲ್ಲೆ.

ತುಂಗಭದ್ರಾ ಡ್ಯಾಮನ್ನೂ ಬಿಡಬೇಡಿ. 1945ರ ಫೆಬ್ರವರಿ 28ರಂದು ಆಚೆ ದಂಡೆಯಲ್ಲಿ ಮದ್ರಾಸ್ ಗವರ್ನರ್, ಈಚೆ ದಂಡೆಯಲ್ಲಿ ನಿಜಾಮನ ಮಗ ಅಡಿಗಲ್ಲು ಹಾಕಿದರು. ಎರಡು ಸರ್ಕಾರ ಎರಡು ದಡದಿಂದ ಕಟ್ಟುತ್ತಾ ಬಂದವು. ನಡುವೆ 1948 ಬಂದು ಹೋಯಿತು.

ಫ್ರೀಮಾಂಟ್ ಕನ್ನಡಿಗ

ನಾನು ಮುನಿರಾಬಾದಿನಲ್ಲಿ ಹುಟ್ಟಿ ಬೆಳೆದವನು. ಡ್ಯಾಮಿಗೆ ಎರಡು ಅಡಿಗಲ್ಲು ಅಂತ ಇವತ್ತೇ ಗೊತ್ತಾಗಿದ್ದು. ಇಲ್ಲಿ ಕನ್ನಡ ಶಾಲೆಯಲ್ಲಿ ಭಾನುವಾರ ಮಕ್ಕಳಿಗೆ ಪಾಠ ಮಾಡುತ್ತೇವೆ. ಅವರ ಅಪ್ಪ ಅಮ್ಮ ವೀಸಾ ಹಿಡಿದು ಬಂದವರು. ಆ ಪಾಸ್‌ಪೋರ್ಟುಗಳನ್ನೇ ಮೇಜಿನ ಮೇಲೆ ಹರಡಿ ಶುರು ಮಾಡಬಹುದು ಅನ್ನಿಸಿತು.

ಯಾದಗಿರಿ ಅಕ್ಕ

ಅಷ್ಟು ದೂರ ಬೇಡ. ನಮ್ಮ ಶಾಲೆಯಲ್ಲಿ ದೀಪಾವಳಿ ಆದ ಮೇಲೆ ಬೆಂಚು ಖಾಲಿ ಆಗುತ್ತವೆ. ಮಕ್ಕಳು ಅಪ್ಪ ಅಮ್ಮನ ಜೊತೆ ಗುಳೆ ಹೋಗುತ್ತಾರೆ, ಬೆಂಗಳೂರು, ಪುಣೆ, ಮುಂಬೈ. ವಾಪಸ್ ಬಂದ ಮಕ್ಕಳಿಗೆ "ಎಷ್ಟು ಪಾಠ ತಪ್ಪಿಸಿಕೊಂಡೆ" ಅಂತಲೇ ಕೇಳುತ್ತೇವೆ. ಹೋದ ವರ್ಷ ಒಬ್ಬ ಹುಡುಗನನ್ನು ಬೋರ್ಡಿನ ಹತ್ತಿರ ಕರೆದು, ನೀನು ಹೋದ ದಾರಿ ಬರೆದು ತೋರಿಸು ಅಂದೆ. ವಾಡಿ, ಸೊಲ್ಲಾಪುರ, ಪುಣೆ ಅಂತ ಸ್ಟೇಷನ್ ಒಂದೂ ಬಿಡದೆ ಬರೆದ. ಎಲ್ಲಿ ಭಾಷೆ ಬದಲಾಗುತ್ತದೆ, ಎಲ್ಲಿ ಚಹಾದ ರೇಟು ಬದಲಾಗುತ್ತದೆ, ಎಲ್ಲವೂ ಗೊತ್ತಿತ್ತು. ಭೂಪಟದ ಪಾಠದಲ್ಲಿ ಫೇಲಾಗಿದ್ದ ಹುಡುಗ ಅವನು.

ಹೊಳೆದಂಡೆ ಮಾಸ್ತರ್

ಎಲ್ಲರಿಗೂ ಕೈ ಮುಗಿಯುತ್ತೇನೆ. ಮೂರು ಪೀರಿಯಡ್ ಆಯಿತು, ನಡೆದದ್ದು ಹೇಳುತ್ತೇನೆ.

ನಾಣ್ಯಪ್ರೇಮಿ ಅವರು ಕಳಿಸಿದ ರೂಪಾಯಿ ತಲುಪಿತು. ಸುತ್ತಲಿನ ಅಕ್ಷರ ಏನು ಅಂತ ನನಗೂ ಬರಲಿಲ್ಲ. ಉರ್ದು ಓದಲು ಬರುವ ಒಬ್ಬ ಹುಡುಗ ಎದ್ದು ಬಂದು ಅಕ್ಷರ ಕೂಡಿಸಿ ಕೂಡಿಸಿ ಓದಿದ. ಬೀದರಿನ ಅಣ್ಣಾ, ನೀವು ಬರೆದದ್ದು ನೆನಪಾಯಿತು. ಅವತ್ತು ಎಲ್ಲರೂ ಅವನ ಮುಖ ನೋಡಿದರು, ಇನ್ನೊಂದು ಸಲ ಓದು ಅಂತ. ಅವನು ಮನೆಗೆ ಹೋಗಿ ಅಜ್ಜನ ಹೊಲದ ಹಳೇ ಕಾಗದ ತಂದ. ಅದೂ ಉರ್ದು, ಇಸವಿಯ ಬದಲು ನಿಜಾಮನ ಕಾಲದ ಫಸಲಿ ವರ್ಷ. ಕ್ಲಾಸಿನ ಇನ್ನೂ ನಾಲ್ಕು ಮನೆಯಲ್ಲಿ ಅಂಥದೇ ಕಾಗದ ಇದೆಯಂತೆ. ಅವರ್ಯಾರ ಮನೆಯಲ್ಲೂ ಉರ್ದು ಬರುವುದಿಲ್ಲ. ಈಗ ಎಲ್ಲರೂ ಇವನ ಅಜ್ಜನ ಹತ್ತಿರ ಓದಿಸಿಕೊಂಡು ಬರುತ್ತಿದ್ದಾರೆ.

ಮೇ ತಿಂಗಳು, ಸೆಪ್ಟೆಂಬರ್ ಎರಡನ್ನೂ ಹೇಳಿದೆ. ಹೆಡ್‌ಮಾಸ್ತರ್ ಹಿಂದೆ ಕೂತಿದ್ದರು. ಮೇವಿನ ಕೋಣೆಯ ಕತೆ ಹೇಳುವಾಗ ನನ್ನ ಗಂಟಲು ಕಟ್ಟಿತು. ಒಬ್ಬಳು ಕೇಳಿದಳು, "ಸರ್, ಗೌಡರ ಮನೆಯವರಿಗೆ ಹೆದರಿಕೆ ಆಗಲಿಲ್ವಾ?" ನನ್ನ ಹತ್ತಿರ ಉತ್ತರ ಇರಲಿಲ್ಲ. ಬೀದರಿನ ಅಣ್ಣ, ನಿಮ್ಮ ಮನೆಯಲ್ಲಿ ಯಾರಿಗಾದರೂ ಗೊತ್ತಿದ್ದರೆ ತಿಳಿಸಿ, ಆ ಹುಡುಗಿಗೆ ಹೇಳಬೇಕು.

ಕಂಪ್ಲಿ ಅಜ್ಜಿ ಮುಂದಿನ ಶನಿವಾರ ಶಾಲೆಗೆ ಬರಲು ಒಪ್ಪಿದ್ದಾರೆ. ಕಿವಿ ಸ್ವಲ್ಪ ಮಂದ.

ಬೀದರಿನ ಮೊಮ್ಮಗ

ಗೌಡರ ಮಗ ಇದ್ದಾರೆ ಮಾಸ್ತರೇ, ಎಂಬತ್ತರ ಮೇಲಾಗಿದೆ. ಹಬ್ಬಕ್ಕೆ ಈಗಲೂ ಹೋಗಿ ಬರುತ್ತೇವೆ. ಇವತ್ತು ಸಂಜೆ ಫೋನ್ ಮಾಡಿ ಕೇಳಿದೆ. "ಹೆದರಿಕೆ ಆಗಿತ್ತಪಾ, ಅವ್ವ ಒಂಬತ್ತು ದಿನ ನಿದ್ದಿ ಮಾಡಿರಲಿಲ್ಲ" ಅಂದರು. ಹಾಗೇ ಹೇಳಿ ಆ ಹುಡುಗಿಗೆ.

ಬಿಸಿಲನಾಡು

ಶನಿವಾರ ನಾನೂ ಬರುತ್ತೇನೆ ಮಾಸ್ತರೇ. ಅಮ್ಮ ಹಂಚು ಕೊಡಲು ಒಪ್ಪಿದ್ದಾರೆ, ಸಂಜೆಯೊಳಗೆ ವಾಪಸ್ ತರಬೇಕಂತೆ.